ಮನೆ ಕಾಯುವ ನಾಯಿಗೆ ವರ್ಷಕ್ಕೊಂದು ಚುಚ್ಚುಮದ್ದು

ನಿಮ್ಮ ಹಟ್ಟಿಯ ದನ ಒಂದು ಹೊತ್ತು ಹುಲ್ಲು ಮುಟ್ಟದಿದ್ದರೆ ಮನೆಮಂದಿಗೆಲ್ಲ ಗೊತ್ತಾಗುತ್ತದೆ. ಸೊಸೈಟಿಗೆ ಅಳೆಯುವ ಹಾಲು ಅರ್ಧ ಲೀಟರು ಕಡಿಮೆಯಾದರೆ ಅಂದೇ ಪಶುವೈದ್ಯರಿಗೆ ಫೋನು ಹೋಗುತ್ತದೆ. ಅದೇ ಹಟ್ಟಿಯ ಮೂಲೆಯಲ್ಲಿ ಗೋಣಿಯ ಮೇಲೆ ಮಲಗುವ ನಾಯಿ ಎರಡು ದಿನ ಅನ್ನ ಮುಟ್ಟದಿದ್ದರೆ? "ಎಲ್ಲೋ ಏನೋ ತಿಂದು ಬಂದಿರಬೇಕು" ಎಂದು ಸುಮ್ಮನಾಗುತ್ತೇವೆ.

ಕಲ್ಲಡ್ಕದಲ್ಲಿ ಹೆದ್ದಾರಿ ಬಿಟ್ಟು ವಿಟ್ಲದ ಕಡೆಗೆ ತಿರುಗಿ, ಇಲ್ಲವೇ ಬಂಟ್ವಾಳ ದಾಟಿ ಬೆಳ್ತಂಗಡಿಗೋ ಮೂಡುಬಿದಿರೆಗೋ ಹೋಗಿ, ಒಳರಸ್ತೆಗಳಲ್ಲಿ ನಾಯಿಯಿಲ್ಲದ ತೋಟದ ಮನೆ ಸಿಗುವುದು ಅಪರೂಪ. ಈ ನಾಯಿ ಪೇಟೆಯವರು ಪಟ್ಟಿ ಹಿಡಿದು ವಾಯುವಿಹಾರಕ್ಕೆ ಕರೆದೊಯ್ಯುವ ಜಾತಿ ನಾಯಿಯಲ್ಲ. ಬೀದಿನಾಯಿಯೂ ಅಲ್ಲ. ಅದಕ್ಕೆ ಟಾಮಿ ಎಂದೋ ಕರಿಯ ಎಂದೋ ಹೆಸರಿದೆ, ಮಧ್ಯಾಹ್ನ ಅನ್ನ, ಮೀನಿನ ಮುಳ್ಳು ಉಂಟು, ಹಗಲು ಸಂಕೋಲೆ, ರಾತ್ರಿ ಸ್ವಾತಂತ್ರ್ಯ. ಹಂದಿ, ಮಂಗಗಳನ್ನು ಓಡಿಸುತ್ತದೆ, ಅಡಿಕೆ ಒಣಹಾಕಿದ ಅಂಗಳ ಕಾಯುತ್ತದೆ. ಆದರೆ ಹಾಲು ಕೊಡುವುದಿಲ್ಲವಾದ ಕಾರಣ ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಈ ನಾಯಿಗೆ ಕೊನೆಯ ಬಾರಿ ಚುಚ್ಚುಮದ್ದು ಹಾಕಿಸಿದ್ದು ಯಾವಾಗ ಎಂದು ಈಗಲೇ ನೆನಪು ಮಾಡಿಕೊಳ್ಳಿ. ತಕ್ಷಣ ಉತ್ತರ ಬರದಿದ್ದರೆ ಈ ಲೇಖನ ನಿಮಗಾಗಿಯೇ.

ಹುಚ್ಚುನಾಯಿ ರೋಗ, ಅಂದರೆ ರೇಬಿಸ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ನಾಲಗೆ ಹೊರಚಾಚಿ ಜೊಲ್ಲು ಸುರಿಸುತ್ತ ಪೇಟೆಯಲ್ಲಿ ಓಡುವ ಯಾವುದೋ ನಾಯಿ. ಅಂಥದನ್ನು ಕಂಡರೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಅದು ಕಚ್ಚಿದರೆ ಎಲ್ಲರೂ ಆಸ್ಪತ್ರೆಗೆ ಓಡುತ್ತಾರೆ. ಅಪಾಯ ಹೆಚ್ಚಿರುವುದು ನಾವು ಹೆದರದ ಕಡೆಯಲ್ಲಿ. ಮಗು ಮಡಿಲಲ್ಲಿಟ್ಟು ಆಡಿಸುವ ಎರಡು ತಿಂಗಳ ಮರಿ, ಅನ್ನ ಹಾಕುವಾಗ "ಸುಮ್ಮನೆ" ಕೈಗೆ ಹಲ್ಲು ತಾಗಿಸಿದ ಮನೆಯದೇ ನಾಯಿ, ಹಾಲಿನ ತಟ್ಟೆ ಎಳೆದಾಗ ಪರಚಿದ ಬೆಕ್ಕು. "ನಮ್ಮದೇ ನಾಯಿ, ಏನಾಗುವುದಿಲ್ಲ" ಎಂಬ ಮಾತಿಗೆ ವೈದ್ಯಶಾಸ್ತ್ರದಲ್ಲಿ ಆಧಾರವಿಲ್ಲ. ರಾತ್ರಿ ಹೊರಗೆ ಬಿಟ್ಟ ನಾಯಿ ಗುಡ್ಡೆಯಲ್ಲಿ ನರಿಯ ಜೊತೆಗೋ ಪಕ್ಕದೂರಿನ ನಾಯಿಯ ಜೊತೆಗೋ ಜಗಳವಾಡಿ ಬಂದದ್ದು ನಮಗೆ ತಿಳಿಯುವ ಬಗೆ ಯಾವುದು? ಕಿವಿಯ ಮೇಲಿನ ಒಂದು ಗೀರು ನಾಲ್ಕು ದಿನದಲ್ಲಿ ಒಣಗಿಹೋಗುತ್ತದೆ. ಒಳಗೆ ಸೇರಿದ ವೈರಾಣು ವಾರಗಳಲ್ಲೋ ತಿಂಗಳುಗಳಲ್ಲೋ ಮಿದುಳಿಗೆ ತಲುಪುತ್ತದೆ.

ಕರ್ನಾಟಕ ಸರಕಾರ ಮನುಷ್ಯರ ರೇಬಿಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದ್ದು 2022ರ ಡಿಸೆಂಬರಿನಲ್ಲಿ. ಅಲ್ಲಿಯವರೆಗೆ ಎಷ್ಟು ಸಾವು ಲೆಕ್ಕದಿಂದ ತಪ್ಪಿಹೋಗಿರಬಹುದೆಂದು ಊಹಿಸಬಹುದು. ದೇಶದ ಮಟ್ಟದಲ್ಲಿ 2003ರ ಸಮೀಕ್ಷೆಯೊಂದು ವರ್ಷಕ್ಕೆ ಸುಮಾರು 20,000 ಜನ ಈ ರೋಗದಿಂದ ಸಾಯುತ್ತಾರೆಂದು ಅಂದಾಜು ಮಾಡಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರು ಇತ್ತೀಚೆಗೆ ಮಾಡಿದ ಅಂದಾಜು 5,700ರ ಸುಮಾರಿನದು. ಇಳಿದಿದೆ, ಸಂತೋಷ. ಆದರೆ ಒಮ್ಮೆ ಲಕ್ಷಣ ಕಾಣಿಸಿದರೆ ಬದುಕುಳಿಯುವುದು ಇಲ್ಲವೇ ಇಲ್ಲ ಎನ್ನುವಷ್ಟು ಅಪರೂಪವಾದ ಈ ರೋಗ, ಪೂರ್ತಿ ತಡೆಯಬಹುದಾದ ರೋಗವೂ ಹೌದು. ಹೀಗಿರುವಾಗ ಒಂದೊಂದು ಸಾವೂ ತಪ್ಪಿಸಬಹುದಾಗಿದ್ದ ಸಾವೇ.

ಗಂಟಲಲ್ಲಿ ಎಲುಬು ಸಿಕ್ಕಿದೆಯೇ?

ರೇಬಿಸ್ ಬಂದ ಎಲ್ಲ ನಾಯಿಗಳೂ ಓಡಿ ಓಡಿ ಕಚ್ಚುವುದಿಲ್ಲ. ಇದನ್ನು ಮನೆಯ ಹಿರಿಯರಿಗೂ ಕೆಲಸದವರಿಗೂ ದಯವಿಟ್ಟು ಓದಿ ಹೇಳಿ.

ಈ ರೋಗಕ್ಕೆ ಎರಡು ಮುಖಗಳಿವೆ. ಒಂದು ಉಗ್ರ ರೂಪ. ನಾಯಿಯ ಸ್ವಭಾವ ಬದಲಾಗುತ್ತದೆ, ಸ್ವರ ಒಡೆದು ಗೊಗ್ಗರಾಗುತ್ತದೆ, ಕಲ್ಲು, ಕೋಲು, ಸಂಕೋಲೆಯನ್ನೂ ಕಚ್ಚುತ್ತದೆ, ಮನೆ ಬಿಟ್ಟು ಮೈಲುಗಟ್ಟಲೆ ಓಡುತ್ತದೆ. ಇನ್ನೊಂದು ಮೂಕ ರೂಪ. ನಾಯಿ ಕತ್ತಲ ಮೂಲೆ ಹುಡುಕುತ್ತದೆ, ಸೌದೆ ಕೊಟ್ಟಿಗೆಯಲ್ಲೋ ಅಟ್ಟದ ಮೆಟ್ಟಿಲಿನ ಕೆಳಗೋ ಮಲಗಿಬಿಡುತ್ತದೆ. ಕೆಳದವಡೆ ಜೋತುಬೀಳುತ್ತದೆ, ಬಾಯಿ ಮುಚ್ಚಲಾಗುವುದಿಲ್ಲ, ಜೊಲ್ಲು ಸುರಿಯುತ್ತದೆ. ನೀರು ಕುಡಿಯಲು ಬಂದು ಬಟ್ಟಲಿಗೆ ಮೂತಿ ತಾಗಿಸಿದರೂ ನುಂಗಲಾಗುವುದಿಲ್ಲ. ನೋಡಿದವರು ಹೇಳುವುದು ಒಂದೇ ಮಾತು: "ಪಾಪ, ಗಂಟಲಲ್ಲಿ ಎಲುಬು ಸಿಕ್ಕಿದೆ." ಮನೆಯ ಯಜಮಾನ ಪ್ರೀತಿಯಿಂದಲೇ ಅದರ ಬಾಯಿಗೆ ಕೈಹಾಕಿ ತಡಕುತ್ತಾನೆ. ಎಲುಬು ಸಿಗುವುದಿಲ್ಲ. ಅಡಿಕೆ ಸುಲಿದು ಸೀಳಿದ ಬೆರಳುಗಳಿಗೆ ಜೊಲ್ಲು ತಾಗಿರುತ್ತದೆ. ನಾಯಿ ಕಚ್ಚಲೇ ಇಲ್ಲವಲ್ಲ ಎಂದು ಆಸ್ಪತ್ರೆಯ ನೆನಪೂ ಆಗುವುದಿಲ್ಲ. ಲಕ್ಷಣ ಕಾಣಿಸಿಕೊಂಡ ನಾಯಿ ಸಾಮಾನ್ಯವಾಗಿ ಹತ್ತು ದಿನಗಳೊಳಗೆ ಸಾಯುತ್ತದೆ. ಅದನ್ನು ಗುಂಡಿ ತೋಡಿ ಹೂಳುವುದರೊಂದಿಗೆ ಮನೆಯವರು ವಿಷಯವನ್ನೂ ಮರೆಯುತ್ತಾರೆ.

ದನಗಳಲ್ಲಿಯೂ ಹೀಗೆಯೇ. ಮೇಯಲು ಹೋದಲ್ಲಿ ಹುಚ್ಚುನಾಯಿ ಕಚ್ಚಿದ್ದು ಯಾರ ಗಮನಕ್ಕೂ ಬಾರದೆ ಹೋಗಬಹುದು. ವಾರಗಳ ಬಳಿಕ ದನ ಮೇವು ಬಿಡುತ್ತದೆ, ವಿಚಿತ್ರ ಸ್ವರದಲ್ಲಿ ಮತ್ತೆ ಮತ್ತೆ ಕೂಗುತ್ತದೆ, ಜೊಲ್ಲು ಹರಿಯುತ್ತದೆ, ಹಿಂಗಾಲು ಬಲ ಕಳೆದುಕೊಳ್ಳುತ್ತದೆ. ಹಲಸಿನ ಬೀಜವೋ ಮಾವಿನ ಗೊರಟೋ ಗಂಟಲಿಗೆ ಸಿಕ್ಕಿರಬೇಕೆಂದು ತೋಳಿನವರೆಗೆ ಕೈಹಾಕಿ ನೋಡುವವರಿದ್ದಾರೆ. ಬೇಡ. ಜೊಲ್ಲು ಸುರಿಸುತ್ತ ನುಂಗಲಾಗದೆ ಒದ್ದಾಡುವ ಯಾವ ಪ್ರಾಣಿಯ ಬಾಯಿಗೂ ನೀವು ಬರಿಗೈ ಹಾಕಬೇಡಿ. ದೂರ ಕಟ್ಟಿ, ಮಕ್ಕಳನ್ನು ಒಳಗೆ ಕಳುಹಿಸಿ, ಪಶುವೈದ್ಯರನ್ನು ಕರೆಯಿರಿ.

ಇಲ್ಲಿ ಹಾಲಿನ ಪ್ರಶ್ನೆ ಬರುತ್ತದೆ. ರೇಬಿಸ್ ಶಂಕೆಯಿರುವ ದನದ ಹಾಲನ್ನು ಬಳಸಬಾರದು, ಸೊಸೈಟಿಗೂ ಕೊಡಬಾರದು. ಆದರೆ ಗೊತ್ತಾಗುವ ಮೊದಲು ಕಾಯಿಸಿ ಕುಡಿದ ಹಾಲಿನ ಬಗ್ಗೆ ನೀವು ನಿದ್ದೆಗೆಡಬೇಕಾಗಿಲ್ಲ, ಕುದಿಸಿದರೆ ಈ ವೈರಾಣು ಉಳಿಯುವುದಿಲ್ಲ. ಆ ಹಾಲಿನ ಕಾಫಿ ಕುಡಿದವರೆಲ್ಲ ಸಾಲುಗಟ್ಟಿ ಆಸ್ಪತ್ರೆಗೆ ಹೋಗುವುದೂ, ದನದ ಬಾಯಿಗೆ ಕೈಹಾಕಿದಾತ ಮಾತ್ರ ಮನೆಯಲ್ಲೇ ಉಳಿಯುವುದೂ ತಲೆಕೆಳಗಾದ ಎಚ್ಚರ. ಮೊದಲು ಹೋಗಬೇಕಾದವನು ಅವನು.

ಕಚ್ಚಿದ ಮೇಲೆ

ಒಂದು ಕಾಲದಲ್ಲಿ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಎಂಬ ಮಾತಿತ್ತು, ಮಾತು ನಿಜವೂ ಆಗಿತ್ತು. ಪ್ರಾಣಿಗಳ ನರಕೋಶದಿಂದ ತಯಾರಿಸುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶ 2005ರ ಹೊತ್ತಿಗೆ ಕೈಬಿಟ್ಟಿತು. ಲಸಿಕೆ ಹೋದರೂ ಅದರ ಭಯ ಹೋಗಿಲ್ಲ. ಅಜ್ಜಿಯ ಬಾಯಲ್ಲಿ ಆ ಕಥೆ ಕೇಳಿದ ಮಗು, ಶಾಲೆಯಿಂದ ಬರುವ ದಾರಿಯಲ್ಲಿ ಕಾಲಿಗೆ ತಾಗಿದ ಹಲ್ಲಿನ ಗುರುತನ್ನು ಸಾಕ್ಸಿನೊಳಗೆ ಮುಚ್ಚಿಟ್ಟುಕೊಳ್ಳುತ್ತದೆ. ಶಂಕಿತ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಹತ್ತರಲ್ಲಿ ನಾಲ್ವರು 15 ವರ್ಷದೊಳಗಿನ ಮಕ್ಕಳು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದುದರಿಂದ ಮನೆಯಲ್ಲಿ ಮೊದಲು ಆಗಬೇಕಾದ್ದು ಇಷ್ಟೇ: ನಾಯಿ, ಬೆಕ್ಕು, ಮಂಗ ಯಾವುದೇ ಕಚ್ಚಲಿ, ಪರಚಲಿ, ಬಂದು ಹೇಳಿದರೆ ಬೈಯುವುದಿಲ್ಲ ಎಂದು ಮಕ್ಕಳಿಗೆ ಮಾತು ಕೊಡಿ. ಮಾತು ಉಳಿಸಿಕೊಳ್ಳಿ ಕೂಡ. "ಅದರ ಹತ್ತಿರ ಯಾಕೆ ಹೋದೆ?" ಎಂಬ ಬೈಗುಳವನ್ನು ಚುಚ್ಚುಮದ್ದಿನ ನಂತರಕ್ಕೆ ಇಟ್ಟುಕೊಳ್ಳಬಹುದು.

ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಹದಿನೈದು ನಿಮಿಷವೆಂದರೆ ನಾವು ಭಾವಿಸುವುದಕ್ಕಿಂತ ದೀರ್ಘ ಸಮಯ. ಕಲ್ಲಡ್ಕದಲ್ಲಿ ಬಸ್ಸಿಳಿದು, ಕೆ.ಟಿ. ಹೇಳಿ, ಅದು ಬರುವವರೆಗೆ ಕಾದು, ಹಾಲು ಡಿಕಾಕ್ಷನ್ ಬೆರೆಯುವುದನ್ನು ನೋಡುತ್ತ ಕುಡಿದು ಮುಗಿಸುವಷ್ಟು ಹೊತ್ತು. ಎರಡು ಚೊಂಬು ನೀರು ಹೊಯ್ದರೆ ಸಾಲದು. ಬಟ್ಟೆ ಒಗೆಯುವ ಸಾಬೂನಾದರೂ ಆದೀತು, ಸಾಬೂನು ಈ ವೈರಾಣುವಿನ ಕೊಬ್ಬಿನ ಹೊದಿಕೆಯನ್ನು ಒಡೆಯುತ್ತದೆ. ಬಳಿಕ ಅಯೋಡಿನ್ ದ್ರಾವಣವಿದ್ದರೆ ಹಚ್ಚಬಹುದು. ಅರಿಸಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ, ಸೀಮೆಎಣ್ಣೆ, ಬ್ಯಾಟರಿಯೊಳಗಿನ ಮಸಿ ಇವು ಯಾವುದೂ ಬೇಡ. ಗಾಯವನ್ನು ಬಿಗಿಯಾಗಿ ಕಟ್ಟಬೇಡಿ. ಹೊಲಿಗೆಯ ಮಾತನ್ನು ವೈದ್ಯರಿಗೆ ಬಿಡಿ, ಅವರೂ ಆದಷ್ಟು ತಡಮಾಡಿಯೇ ಹಾಕುತ್ತಾರೆ.

ಆಮೇಲೆ ಅದೇ ದಿನ ಆಸ್ಪತ್ರೆ. ಈಗ ಚುಚ್ಚುವುದು ತೋಳಿಗೆ. ಸರಕಾರಿ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಎರಡೂ ತೋಳಿನ ಚರ್ಮದೊಳಗೆ ಒಂದೊಂದು ಹನಿಯಷ್ಟು ಲಸಿಕೆಯನ್ನು ಮೊದಲ ದಿನ, ನಂತರ 3, 7 ಮತ್ತು 28ನೆಯ ದಿನ ಕೊಡುತ್ತಾರೆ. ಸ್ನಾಯುವಿಗೆ ಕೊಡುವ ಕ್ರಮದಲ್ಲಿ 14ನೆಯ ದಿನವೂ ಸೇರಿ ಐದು ಸಲ. ಎಣಿಕೆ ಮೊದಲ ಸೂಜಿಯ ದಿನವನ್ನು ಸೊನ್ನೆಯೆಂದು ಹಿಡಿದು ಆಗುತ್ತದೆ. ಚರ್ಮ ಹರಿದು ರಕ್ತ ಬಂದ ಗಾಯವಾದರೆ, ಸಿಗಿದ ಚರ್ಮಕ್ಕೋ ಬಾಯಿ, ಕಣ್ಣುಗಳಿಗೋ ಜೊಲ್ಲು ತಾಗಿದ್ದರೆ, ಲಸಿಕೆಯ ಜೊತೆಗೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿರೋಧಕವನ್ನು ಗಾಯದ ಸುತ್ತ ಕೊಡಬೇಕಾಗುತ್ತದೆ. ಲಸಿಕೆ ಕೆಲಸ ಆರಂಭಿಸಲು ತೆಗೆದುಕೊಳ್ಳುವ ದಿನಗಳಲ್ಲಿ ಕಾವಲು ನಿಲ್ಲುವುದು ಇದೇ. ಲಸಿಕೆ ಮಾತ್ರ ಪಡೆದು ಇದನ್ನು ಬಿಟ್ಟವರು, ಎರಡು ಸೂಜಿಯ ಬಳಿಕ "ಗಾಯ ಮಾಸಿತು" ಎಂದು ಉಳಿದದ್ದನ್ನು ಕೈಬಿಟ್ಟವರು ಅಪಾಯದಲ್ಲೇ ಇರುತ್ತಾರೆ. ಹತ್ತಿರದ ಆಸ್ಪತ್ರೆಯಲ್ಲಿ ಅದು ಇಲ್ಲವೆಂದರೆ ಎಲ್ಲಿ ಸಿಗುತ್ತದೆಂದು ಅಲ್ಲಿಯೇ ಕೇಳಿ, ಆ ದಿನವೇ ಹೊರಡಿ. ಗರ್ಭಿಣಿಯರಿಗೂ ಬಾಣಂತಿಯರಿಗೂ ಎಳೆಮಕ್ಕಳಿಗೂ ಈ ಚಿಕಿತ್ಸೆ ಕೊಡಬಹುದು, ಕೊಡಲೇಬೇಕು. ಪಥ್ಯವೇನೂ ಇಲ್ಲ.

ನಾಟಿ ಮದ್ದಿನ ಬಗ್ಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ನಾಯಿ ಕಡಿತಕ್ಕೆ ಬೇರು, ಸೊಪ್ಪು ಕೊಡುವವರು ಹಿಂದಿನಿಂದಲೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿ ಹಣ ಮುಟ್ಟದ ಸಜ್ಜನರು. "ಅವರಲ್ಲಿ ಹೋದ ನೂರು ಮಂದಿಗೂ ಏನೂ ಆಗಿಲ್ಲ" ಎಂಬುದೂ ಸುಳ್ಳಾಗಿರಲಾರದು, ಯಾಕೆಂದರೆ ಕಚ್ಚಿದ ನಾಯಿಗಳಲ್ಲಿ ಹೆಚ್ಚಿನವಕ್ಕೆ ರೇಬಿಸ್ ಇರುವುದೇ ಇಲ್ಲ. ಇದ್ದ ಆ ಒಂದು ನಾಯಿ ಯಾವುದೆಂದು ಮೊದಲೇ ತಿಳಿಯುವುದಿಲ್ಲವೆಂಬುದೇ ತೊಂದರೆ. ಆಯುರ್ವೇದದ ಹಿರಿಮೆ ಹೇಳುವವರು ಸುಶ್ರುತ ಸಂಹಿತೆಯ ಕಲ್ಪಸ್ಥಾನವನ್ನು ತೆರೆದು ನೋಡಬೇಕು. ಹುಚ್ಚುಪ್ರಾಣಿಯ ಕಡಿತದ ಬಳಿಕ ನೀರು ಕಂಡರೆ ಹೆದರುವ ಜಲತ್ರಾಸ ಕಾಣಿಸಿಕೊಂಡರೆ ರೋಗಿ ಉಳಿಯುವುದಿಲ್ಲವೆಂದು ಆ ಪ್ರಾಚೀನ ವೈದ್ಯ ನೇರವಾಗಿಯೇ ಹೇಳಿದ್ದಾನೆ. ಇಂದಿನ ವೈದ್ಯರೂ ಅದನ್ನೇ ಹೇಳುತ್ತಾರೆ. ವ್ಯತ್ಯಾಸವೆಂದರೆ, ಆ ಹಂತ ಬಾರದಂತೆ ತಡೆಯುವ ಮದ್ದು 1885ರಲ್ಲಿ ಪ್ಯಾರಿಸ್ಸಿನ ಲೂಯಿ ಪಾಶ್ಚರ್ ಒಂಬತ್ತು ವರ್ಷದ ಹುಡುಗನೊಬ್ಬನಿಗೆ ಕೊಟ್ಟಂದಿನಿಂದ ನಮ್ಮ ಕೈಯಲ್ಲಿದೆ.

ಕಚ್ಚಿದ ನಾಯಿ ಮನೆಯದಾದರೆ, ಇಲ್ಲವೇ ಗುರುತಿನದಾದರೆ ಅದನ್ನು ಹೊಡೆದು ಕೊಲ್ಲಬೇಡಿ. ಕಟ್ಟಿಹಾಕಿ ಹತ್ತು ದಿನ ನೋಡಿ. ವೈರಾಣು ಜೊಲ್ಲಿಗೆ ಬರುವುದು ರೋಗದ ಕೊನೆಯ ಘಟ್ಟದಲ್ಲಿ. ಆದ್ದರಿಂದ ಕಚ್ಚಿದ ನಾಯಿ ಅಥವಾ ಬೆಕ್ಕು ಹತ್ತು ದಿನ ಕಳೆದೂ ಉಂಡು ತಿಂದು ಸರಿಯಾಗಿದ್ದರೆ ಅಂದಿನ ಕಡಿತದಿಂದ ರೇಬಿಸ್ ಬರುವುದಿಲ್ಲ. ಇದನ್ನು ಕೆಲವರು ತಪ್ಪಾಗಿ ಅರ್ಥ ಮಾಡಿಕೊಂಡು "ಹತ್ತು ದಿನ ನೋಡೋಣ, ಆಮೇಲೆ ಆಸ್ಪತ್ರೆ" ಎನ್ನುತ್ತಾರೆ. ಹಾಗಲ್ಲ. ಚುಚ್ಚುಮದ್ದು ಇಂದೇ ಶುರು. ಹತ್ತು ದಿನದ ನಂತರ ನಾಯಿ ಚೆನ್ನಾಗಿದ್ದರೆ ಮುಂದಿನದನ್ನು ಕಡಿಮೆ ಮಾಡುವುದೋ ಬೇಡವೋ ಎಂದು ವೈದ್ಯರು ಹೇಳುತ್ತಾರೆ. ದನಕ್ಕೆ ಕಚ್ಚಿದ್ದರೂ ಗಾಯವನ್ನು ಕೈಗವಸು ಹಾಕಿ ಹಾಗೆಯೇ ತೊಳೆದು ಪಶುವೈದ್ಯರಿಗೆ ತಿಳಿಸಿ. ಕಡಿತದ ನಂತರ ಜಾನುವಾರುಗಳಿಗೂ ಕೊಡುವ ಲಸಿಕೆಯ ಕ್ರಮವಿದೆ.

ಸೋಣದಿಂದ ದೀಪಾವಳಿಗೆ

ಈಗ ಮೂಲಕ್ಕೆ ಬರೋಣ. ಇಷ್ಟೆಲ್ಲ ಓಡಾಟ ತಪ್ಪಬೇಕಾದರೆ ಸೂಜಿ ಮೊದಲು ಬೀಳಬೇಕಾದ್ದು ನಾಯಿಗೆ.

ಸೋಣ ತಿಂಗಳು ಬಂತೆಂದರೆ ನಾಯಿಗಳು ಗುಂಪುಗಟ್ಟಿ ತಿರುಗುವುದನ್ನು ನಮ್ಮೂರಿನಲ್ಲಿ ಎಲ್ಲರೂ ಬಲ್ಲರು. ಗಂಡುನಾಯಿಗಳ ಜಗಳ, ಗಾಯ ಹೆಚ್ಚುವುದೂ ಆಗಲೇ. ನಾಯಿಯ ಗರ್ಭಾವಧಿ ಒಂಬತ್ತು ವಾರ. ಹೀಗಾಗಿ ದೀಪಾವಳಿಯ ಆಸುಪಾಸಿನಲ್ಲಿ ತೋಡಿನ ಬದಿ, ಮೋರಿಯ ಕೆಳಗೆ, ಬಸ್‌ಸ್ಟ್ಯಾಂಡಿನ ಹಿಂದೆ ಮರಿಗಳ ಕುಂಯ್‌ಗುಟ್ಟುವಿಕೆ ಕೇಳಿಸುತ್ತದೆ. ಶಾಲೆಯ ಮಕ್ಕಳು ಚೀಲದಲ್ಲಿ ಹಾಕಿಕೊಂಡು ಮನೆಗೆ ತರುತ್ತಾರೆ. ತರಲಿ. ನಾಯಿ ಸಾಕುವ ಮನೆಯಲ್ಲಿ ಬೆಳೆದ ಮಗುವಿಗೆ ಅದರಿಂದ ಸಿಗುವುದು ಬಹಳವಿದೆ. ಆದರೆ ತಾಯಿಗೆ ಲಸಿಕೆಯಾಗಿದೆಯೋ ಇಲ್ಲವೋ ಗೊತ್ತಿಲ್ಲದ ಮರಿ ಅದು. ಅದು ಆಡುತ್ತ ಕಚ್ಚಿದರೂ ಕಚ್ಚಿದ್ದೇ ಎಂದು ಹಿಡಿಯಬೇಕು.

ಮರಿ ಬಂದ ವಾರದಲ್ಲೇ ಪಶು ಆಸ್ಪತ್ರೆಗೆ ಒಮ್ಮೆ ಹೋಗಿ ಬನ್ನಿ. ಮೊದಲಿಗೆ ಹೊಟ್ಟೆಹುಳದ ಔಷಧ. ಬೀದಿಯ ಮರಿಗಳಲ್ಲಿ ಕೊಕ್ಕೆಹುಳ, ದುಂಡುಹುಳ ಇಲ್ಲದ ಮರಿ ಕಡಿಮೆ. ಕೊಕ್ಕೆಹುಳಗಳು ಮರಿಯ ರಕ್ತವನ್ನಷ್ಟೇ ಹೀರುವುದಿಲ್ಲ, ಬರಿಗಾಲಲ್ಲಿ ಅಂಗಳದಲ್ಲಿ ಆಡುವ ಮಕ್ಕಳ ಚರ್ಮಕ್ಕೂ ಇಳಿಯುತ್ತವೆ. ಆರರಿಂದ ಎಂಟು ವಾರಕ್ಕೆ ಡಿಸ್ಟೆಂಪರ್, ಪಾರ್ವೋ ಮುಂತಾದವುಗಳ ಸಂಯುಕ್ತ ಲಸಿಕೆ ಆರಂಭ. ಅದನ್ನು ಮೂರು ನಾಲ್ಕು ವಾರಕ್ಕೊಮ್ಮೆಯಂತೆ ನಾಲ್ಕು ತಿಂಗಳು ತುಂಬುವವರೆಗೆ ಕೊಡಿಸಬೇಕು. 1978ರಲ್ಲಿ ಜಗತ್ತಿಗೆ ಮೊದಲು ಪರಿಚಯವಾದ ಪಾರ್ವೋ ಈಗ ಎಲ್ಲ ಊರುಗಳಲ್ಲೂ ಇದೆ. ವಾಂತಿ, ದುರ್ನಾತದ ರಕ್ತಬೇಧಿ ಆಗಿ ನಿನ್ನೆ ಕುಣಿಯುತ್ತಿದ್ದ ಮರಿ ನಾಳೆ ಇರುವುದಿಲ್ಲ. ಒಂದು ಮರಿ ಹೀಗೆ ಸತ್ತ ಅಂಗಳದಲ್ಲಿ ವೈರಾಣು ತಿಂಗಳುಗಟ್ಟಲೆ ಉಳಿಯುತ್ತದೆ. ಅಳುವ ಮಗುವನ್ನು ಸಮಾಧಾನಪಡಿಸಲು ಮರುವಾರವೇ ಇನ್ನೊಂದು ಮರಿ ತಂದರೆ ಅದಕ್ಕೂ ಅದೇ ಗತಿ.

ರೇಬಿಸ್ ಲಸಿಕೆ ಮೂರು ತಿಂಗಳು ತುಂಬಿದಾಗ. ಅಂದರೆ ದೀಪಾವಳಿಯ ಮರಿಗೆ ಜನವರಿ, ಫೆಬ್ರವರಿಯ ಹೊತ್ತಿಗೆ. ಪಶುವೈದ್ಯರು ಹೇಳಿದರೆ ತಿಂಗಳ ಬಳಿಕ ಇನ್ನೊಂದು, ಅಲ್ಲಿಂದ ಮುಂದೆ ತಪ್ಪದೆ ವರ್ಷಕ್ಕೊಂದು. ಹಾಕಿಸಿದ ಮರುದಿನವೇ ರಕ್ಷಣೆ ಬರುವುದಿಲ್ಲ, ಮೂರು ನಾಲ್ಕು ವಾರ ಬೇಕು. "ಮರಿಯಿದ್ದಾಗ ಹಾಕಿಸಿದ್ದೇವೆ" ಎಂಬುದು ಆರು ವರ್ಷದ ನಾಯಿಗೆ ಉತ್ತರವಾಗಲಾರದು. ಮೆಡಿಕಲ್ ಶಾಪಿನಿಂದ ಲಸಿಕೆ ತಂದು ಯಾರಿಂದಲೋ ಚುಚ್ಚಿಸುವವರಿಗೆ ಒಂದು ಕಿವಿಮಾತು: ಈ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಅಂಗಿಯ ಜೇಬಿನಲ್ಲಿಟ್ಟು ಏಪ್ರಿಲ್ ತಿಂಗಳ ಬಿಸಿಲಲ್ಲಿ ಬೈಕಿನಲ್ಲಿ ತಂದರೆ ಚುಚ್ಚಿದ್ದು ಲಸಿಕೆಯಾಗಿ ಉಳಿದಿರುವುದು ಅನುಮಾನ. ನಾಯಿಯನ್ನೇ ಆಸ್ಪತ್ರೆಗೆ ಒಯ್ಯುವುದು ಉತ್ತಮ. ಒಯ್ಯುವುದೇ ಕಷ್ಟವೆನ್ನುವವರು ಹೇಳುವುದರಲ್ಲಿ ಸುಳ್ಳಿಲ್ಲ. ಸಂಕೋಲೆ ಬಿಟ್ಟು ಬೇರೇನನ್ನೂ ಕಾಣದ ನಾಯಿ ಆಟೋರಿಕ್ಷಾ ಹತ್ತುವುದಿಲ್ಲ. ಅಕ್ಕಪಕ್ಕದ ನಾಲ್ಕು ಮನೆಯವರು ಸೇರಿ ಪಂಚಾಯತಿನಲ್ಲಿ, ಹಾಲಿನ ಸೊಸೈಟಿಯಲ್ಲಿ ಕೇಳಿಕೊಂಡರೆ ಊರಿನಲ್ಲೇ ಒಂದು ಶಿಬಿರ ಮಾಡಿಸುವುದು ಅಸಾಧ್ಯವಲ್ಲ. ಪಾಶ್ಚರ್ ತೀರಿಕೊಂಡ ದಿನವಾದ ಸೆಪ್ಟೆಂಬರ್ 28ನ್ನು ವಿಶ್ವ ರೇಬಿಸ್ ದಿನವೆಂದು ಆಚರಿಸುತ್ತಾರೆ. ಆ ವಾರ ಅನೇಕ ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಲಸಿಕೆ ಹಾಕುವುದುಂಟು. ಸೋಣ ಕಳೆದೊಡನೆ ಬರುವ ದಿನ, ನೆನಪಿಡಲು ಸುಲಭ.

ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತರಷ್ಟಕ್ಕೆ ಲಸಿಕೆಯಾದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ತಜ್ಞರ ಲೆಕ್ಕ. ಇದು ಬರೀ ಪುಸ್ತಕದ ಮಾತಲ್ಲ. ಕರಾವಳಿಯಲ್ಲೇ ಮೇಲೆ ಹೋದರೆ ಸಿಗುವ ಗೋವಾದಲ್ಲಿ 2013ರಿಂದ ಬಲೆ ಹಿಡಿದು ಮನೆಮನೆ, ಬೀದಿಬೀದಿ ತಿರುಗಿ ವರ್ಷಕ್ಕೆ ಲಕ್ಷದ ಹತ್ತಿರ ನಾಯಿಗಳಿಗೆ ಲಸಿಕೆ ಹಾಕಿದರು. 2018 ಮತ್ತು 2019ರಲ್ಲಿ ಅಲ್ಲಿ ಒಬ್ಬ ಮನುಷ್ಯನೂ ರೇಬಿಸಿನಿಂದ ಸಾಯಲಿಲ್ಲ. ಬೀದಿನಾಯಿಗಳ ಬಗ್ಗೆ ಪೇಟೆಯಲ್ಲಿ ವಾದ ಮಾಡುವ ನಾವು ನಮ್ಮದೇ ಅಂಗಳದ ನಾಯಿಯನ್ನು ಆ ಎಪ್ಪತ್ತರೊಳಗೆ ಸೇರಿಸದೆ ಉಳಿಯುವುದು ನನಗಂತೂ ವಿಚಿತ್ರವಾಗಿ ಕಾಣುತ್ತದೆ. ಇನ್ನು ಮರಿಗಳನ್ನು ಗೋಣಿಯಲ್ಲಿ ಕಟ್ಟಿ ಪೇಟೆಯಲ್ಲಿ ಬಿಟ್ಟು ಬರುವವರೇ ಬೀದಿನಾಯಿ ಹೆಚ್ಚಿತೆಂದು ದೂರುವುದೂ ಇದೆ. ಹೆಣ್ಣುನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವುದು ಕ್ರೌರ್ಯವಲ್ಲ, ಗೋಣಿ ಕಟ್ಟುವುದು ಕ್ರೌರ್ಯ.

ಬೆಕ್ಕನ್ನು ಮರೆಯಬೇಡಿ. ಬೆಕ್ಕಿಗೂ ರೇಬಿಸ್ ಬರುತ್ತದೆ, ಮೂರು ತಿಂಗಳಿಗೆ ಅದೇ ಲಸಿಕೆ, ವರ್ಷಕ್ಕೊಮ್ಮೆ ಪುನಃ. ಬೆಕ್ಕನ್ನು ಆಸ್ಪತ್ರೆಗೆ ಕೊಂಡೊಯ್ಯುವುದೆಂದರೆ ನಗುವವರೇ ಹೆಚ್ಚು. ನಗಲಿ.

ಮಳೆಗಾಲದ ಎರಡು ಮಾತು

ನಾಯಿಯನ್ನು ಹೇಗೂ ಆಸ್ಪತ್ರೆಗೆ ಒಯ್ದಿರಿ ಎಂದಾದರೆ ಅಲ್ಲಿಯೇ ಇಲಿಜ್ವರ ಮತ್ತು ಉಣುಗುಗಳ ಬಗ್ಗೆಯೂ ಕೇಳಿಕೊಳ್ಳಿ.

ಕರಾವಳಿಯ ಮಳೆಗಾಲದಲ್ಲಿ ಇಲಿಜ್ವರ ಹೊಸತಲ್ಲ. ಇಲಿಯ ಮೂತ್ರ ಬೆರೆತ ನೀರು ತೋಟದ ಕಣಿಗಳಲ್ಲಿ ನಿಂತಿರುತ್ತದೆ. ಆ ನೀರು ಕುಡಿದ ನಾಯಿಗೂ, ಅದರಲ್ಲಿ ಕಾಲು ಒಡೆದುಕೊಂಡು ಕೆಲಸ ಮಾಡುವವರಿಗೂ ರೋಗ ತಗಲುತ್ತದೆ. ನಾಯಿಯ ಕಣ್ಣು, ಒಸಡು ಹಳದಿಯಾಗಿ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ತಡಮಾಡಬೇಡಿ. ರೋಗಿ ನಾಯಿಯ ಮೂತ್ರದಿಂದಲೂ ಮನುಷ್ಯರಿಗೆ ಬರಬಹುದಾದ ಕಾರಣ ಅದರ ಗೂಡು ತೊಳೆಯುವಾಗ ಕೈಗವಸು, ಬೂಟು ಇರಲಿ, ಬ್ಲೀಚಿಂಗ್ ಪುಡಿ ಹಾಕಿ. ಸಂಯುಕ್ತ ಲಸಿಕೆಗಳಲ್ಲಿ ಹೆಚ್ಚಿನವುಗಳಲ್ಲಿ ಇಲಿಜ್ವರದ ಅಂಶವೂ ಸೇರಿರುತ್ತದೆ. ನಿಮ್ಮ ನಾಯಿಗೆ ಕೊಟ್ಟದ್ದರಲ್ಲಿ ಇದೆಯೇ ಎಂದು ವಿಚಾರಿಸಿ.

ಉಣುಗು ನಾಯಿಯ ಕಿವಿಯೊಳಗೆ, ಕಾಲ್ಬೆರಳ ಸಂದಿಯಲ್ಲಿ ಗುಂಪಾಗಿ ಅಂಟಿಕೊಂಡಿರುತ್ತದೆ. ರಕ್ತ ಹೀರುವುದು ಮಾತ್ರವಲ್ಲ, ಜ್ವರವನ್ನೂ ಹಚ್ಚುತ್ತದೆ. ಒಸಡು ಬಿಳಿಚಿ, ಮೂಗಿನಿಂದ ರಕ್ತ ಬರುವ ನಾಯಿಗೆ "ಉಷ್ಣವಾಗಿದೆ" ಎಂದು ಮಜ್ಜಿಗೆ ಕುಡಿಸುವುದರಲ್ಲಿ ಅರ್ಥವಿಲ್ಲ, ರಕ್ತ ಪರೀಕ್ಷೆಯಾಗಬೇಕು. ಬೆಳ್ತಂಗಡಿ ಕಡೆಯ ಓದುಗರಿಗೆ ಉಣುಗಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1982–83ರಲ್ಲಿ ನಿಡ್ಲೆ, ಪಟ್ರಮೆಯ ಸುತ್ತ ಕಾಡು ಕಡಿದ ಬೆನ್ನಿಗೆ ಮಂಗನ ಕಾಯಿಲೆ ಹಬ್ಬಿ ಸಾವಿರದ ಐನೂರಕ್ಕೂ ಮೇಲ್ಪಟ್ಟು ಜನರಿಗೆ ತಗಲಿ, ಸುಮಾರು 150 ಮಂದಿ ತೀರಿಕೊಂಡದ್ದನ್ನು ಹಿರಿಯರು ಇನ್ನೂ ನೆನೆಯುತ್ತಾರೆ. ಆ ರೋಗ ಹರಡುವುದು ಕಾಡಿನ ಉಣುಗು. ನಾಯಿಯ ಮೈಯಲ್ಲಿ ಸಾಮಾನ್ಯವಾಗಿ ಕಾಣುವ ಉಣುಗಿನ ಜಾತಿ ಬೇರೆ. ಆದರೂ ಕಾಡಂಚಿಗೆ ಹೋಗಿಬರುವ ದನ, ನಾಯಿಗಳ ಮೈಯನ್ನು ಸಂಜೆ ಒಮ್ಮೆ ನೋಡುವುದು ಒಳ್ಳೆಯದು. ಉಣುಗನ್ನು ಬೆರಳಿನಿಂದ ಹಿಸುಕಬೇಡಿ. ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆದು, ಸಾಬೂನು ನೀರಿಗೆ ಹಾಕಿ.

ಮದ್ದು ಹಚ್ಚುವಾಗ ಬಹಳ ಎಚ್ಚರ ಬೇಕು. ಹಟ್ಟಿಯ ದನಗಳಿಗೆಂದು ತಂದ ಉಣುಗಿನ ಮದ್ದನ್ನು ಅಂದಾಜಿನಲ್ಲಿ ನೀರಿಗೆ ಬೆರೆಸಿ ನಾಯಿಗೆ ಸ್ನಾನ ಮಾಡಿಸುವುದು, ಅದು ಮೈ ನೆಕ್ಕಿಕೊಂಡು ನಡುಕ ಬಂದು ಬೀಳುವುದು ಪಶುವೈದ್ಯರಿಗೆ ಪರಿಚಿತ ದೃಶ್ಯ. ನಾಯಿಗಳಿಗೆಂದೇ ಇರುವ ಪರ್ಮೆಥ್ರಿನ್ ಅಂಶದ ಮದ್ದು ಬೆಕ್ಕಿಗೆ ವಿಷ. ಜ್ವರವೆಂದು ನಾವು ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು, ನಾಯಿಗೂ ವೈದ್ಯರನ್ನು ಕೇಳದೆ ಕೊಡಬಾರದು. ನೋವಿನ ಮಾತ್ರೆಗಳಂತೂ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಕ್ಕೂ ಹಾನಿ. ಅಡಿಕೆಗೆ ಬೋರ್ಡೋ ಸಿಂಪಡಿಸುವ ದಿನ ಮೈಲುತುತ್ತಿನ ಬಕೆಟು, ಡ್ರಮ್ಮು ತೆರೆದಿಟ್ಟಿದ್ದರೆ ಬಾಯಾರಿದ ನಾಯಿ ಅಲ್ಲಿಗೂ ಬಾಯಿಹಾಕುತ್ತದೆ. ಆ ದಿನ ಅದಕ್ಕೆ ಬೇರೆ ಕಡೆ ಒಂದು ಪಾತ್ರೆ ನೀರಿಟ್ಟರೆ ಸಾಕು.

ಲಸಿಕೆ ಹಾಕಿದಾಗ ಕೊಡುವ ಚೀಟಿಯನ್ನು ಬಿಸಾಡಬೇಡಿ. ಮಕ್ಕಳ ಲಸಿಕೆಯ ಕಾರ್ಡು, ರೇಷನ್ ಕಾರ್ಡು ಇಡುವ ಡಬ್ಬದಲ್ಲಿಯೇ ಅದನ್ನೂ ಇಡಿ. ಯಾರಿಗಾದರೂ ನಾಯಿ ಹಲ್ಲು ತಾಗಿಸಿದ ದಿನ ಆಸ್ಪತ್ರೆಯಲ್ಲಿ ವೈದ್ಯರು ಅದನ್ನು ಕೇಳುತ್ತಾರೆ. ಚೀಟಿಯಿದ್ದರೂ ಗಾಯ ತೊಳೆಯುವುದು, ವೈದ್ಯರಿಗೆ ತೋರಿಸುವುದು ತಪ್ಪುವುದಿಲ್ಲ. ಜಾನುವಾರುಗಳ ತುರ್ತು ಚಿಕಿತ್ಸೆಗೆ ಇಲಾಖೆಯ ಸಂಚಾರಿ ವಾಹನವನ್ನು ಕರೆಯುವ ಸಂಖ್ಯೆ 1962. ಅದನ್ನೂ ಡಬ್ಬದ ಮುಚ್ಚಳದ ಒಳಬದಿಗೆ ಬರೆದಿಡಿ.